ಗೊರಕೆರಾಯ ನಿಂತ ದಿನ

ಚಿಜುರು ಬಗ್ಗೆ ಹೇಳಬೇಕಾದರೆ ಅವಳ ಕೂದಲಿನಿಂದಲೇ ಶುರು ಮಾಡಬೇಕು. ಅವಳು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅದಕ್ಕೆ ಕತ್ತರಿ ಹಾಕುತ್ತಾ ಬಂದವಳು ನಾನು. ಹೊಶಿನಾ ಮನೆತನದ ಹಳೇ ಮನೆ, ಅದರ ಎದುರಿಗೇ ನನ್ನ ಕ್ಷೌರದಂಗಡಿ. ಹೊಸತರಲ್ಲಿ ಹುಡುಗಿಗೆ ಸೊಂಟದವರೆಗೆ ಕೂದಲಿತ್ತು. ಶಿಜುವೊಕಾ ಕಡೆಯವಳು, ಸಮುದ್ರದ ಪಕ್ಕದ ಚಹಾ ತೋಟದಲ್ಲಿ ಬೆಳೆದವಳು. ಹಿಮ ಅಂದರೆ ದೂರದ ಬೆಟ್ಟದ ನೆತ್ತಿಯ ಮೇಲೆ ಕಾಣುವ ಬಿಳಿ ಬಣ್ಣ ಅಂತ ತಿಳಿದುಕೊಂಡಿದ್ದಳು, ಪಾಪ. ಜನವರಿಯ ಒಂದು ಬೆಳಿಗ್ಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, "ಅಕ್ಕಾ, ಕಿವಿ ಮಟ್ಟಕ್ಕೆ ಕತ್ತರಿಸಿಬಿಡಿ" ಅಂದಳು.

"ಅಯ್ಯೋ, ಯಾಕೇ? ಇಷ್ಟು ಚೆನ್ನಾಗಿರೋ ಕೂದಲು!"

"ನಿನ್ನೆ ಸ್ನಾನ ಮಾಡಿ ಬಚ್ಚಲಿಂದ ಮಲಗೋ ಕೋಣೆಗೆ ಹೋಗೋಷ್ಟರಲ್ಲಿ ತುದಿಯೆಲ್ಲಾ ಗಟ್ಟಿ ಆಗಿಹೋಯ್ತು ಅಕ್ಕಾ. ಮುಟ್ಟಿದ್ರೆ ಟಕ್ ಟಕ್ ಅಂತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಅವಳು ಅಳುತ್ತಿದ್ದಳು.

ಜಪಾನಿನ ಈ ನೀಗಾತಾ ಸೀಮೆಯ ಬೆಟ್ಟದ ಕಡೆ, ನಮ್ಮ ಊರುಗಳಲ್ಲಿ ಮನೆ ಅಂದರೆ ಹಾಗೇ. ಸೀಮೆಎಣ್ಣೆ ಸ್ಟೌವ್ ಇರುವ ಒಂದು ಕೋಣೆ ಮಾತ್ರ ಮನೆ, ಮಿಕ್ಕಿದ್ದೆಲ್ಲಾ ಬೀದಿ. ಚಳಿ ಅಂತ ಬಾಯಿ ಬಿಟ್ಟರೆ ಅವಳ ಅತ್ತೆ ಕಿನುಯೊ ಅಲ್ಲೇ ತಿವಿಯುತ್ತಿದ್ದಳು. "ಚಳಿ ಅನ್ನೋದು ಸೋಮಾರಿಗಳ ಕಾಯಿಲೆ. ಮೈ ಬಗ್ಗಿಸಿ ದುಡಿಯೋರಿಗೆ ಅದು ಬರಲ್ಲ."

ಕಿನುಯೊ ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಆಕೆ ದುಡಿಯುತ್ತಿದ್ದದ್ದು ಹಾಗೇ. ಸೊಪ್ಪಿನ ಉಪ್ಪಿನಕಾಯಿ ಹಾಕಿದ ಮರದ ಪೀಪಾಯಿಗಳ ಮೇಲೆ ತಾನೇ ಕಲ್ಲು ಹೇರುತ್ತಿದ್ದಳು. ಹಿಮ ಬೀಳುವ ಮುಂಚೆ ಹಿತ್ತಲಲ್ಲಿರುವುದನ್ನೆಲ್ಲಾ ಹುಲ್ಲುಚಾಪೆಯಲ್ಲಿ ಸುತ್ತಿ ಹಗ್ಗ ಬಿಗಿಯುವುದು ನಮ್ಮ ಕಡೆಯ ಪದ್ಧತಿ. ಅದರಲ್ಲಿ ಕಿನುಯೊಳನ್ನು ಮೀರಿಸಿದವರಿಲ್ಲ. ಗಿಡ, ಮರ, ಕಲ್ಲಿನ ದೀಪದ ಕಂಬ, ನಲ್ಲಿ, ಒಂದು ವರ್ಷ ಅಂಚೆಯವನು ಒಂದು ಗಳಿಗೆ ಅಂತ ನಿಲ್ಲಿಸಿ ಹೋದ ಸೈಕಲ್ಲನ್ನೂ ಬಿಡಲಿಲ್ಲ. ಸುಮ್ಮನೆ ನಿಂತರೆ ನನ್ನನ್ನೂ ಸುತ್ತಿಬಿಡುತ್ತಾಳೆ ಅಂತ ನಾನು ಆ ಹಿತ್ತಲಿಗೆ ಹೋದಾಗಲೆಲ್ಲಾ ಕೈಕಾಲು ಆಡಿಸುತ್ತಾ ಇರುತ್ತಿದ್ದೆ.

ಚಿಜುರುವಿಗೆ ಮಗಳು ಹಿನಾಕೊ ಹುಟ್ಟಿದ್ದು ಫೆಬ್ರವರಿಯಲ್ಲಿ. ಬಾಣಂತನಕ್ಕೆ ಶಿಜುವೊಕಾದಿಂದ ಚಿಜುರುವಿನ ತಾಯಿ ಬಂದರು. ಕೋಟು ಹಾಕಿಕೊಂಡೇ ಮಲಗಿದರು. ಮಗುವಿನ ಮೂಗು ತಣ್ಣಗಾಗುತ್ತೆ ಅಂತ ರಾತ್ರಿಯೆಲ್ಲಾ ಅಂಗೈ ಅಡ್ಡ ಹಿಡಿದು ಕೂತರು. ಕಿನುಯೊ ಸುಮ್ಮನಿರಬೇಕಲ್ಲ? "ನಿಮ್ಮ ಕಡೆಯವರು ಚಹಾದ ಎಲೆ ಥರ, ಚೂರು ತಂಡಿ ಬಿದ್ರೂ ಬಾಡಿಹೋಗ್ತೀರಿ" ಅಂದುಬಿಟ್ಟಳು. ಆ ತಾಯಿ ಮೂರು ದಿನವೂ ನಿಲ್ಲಲಿಲ್ಲ. ಸ್ಟೇಷನ್ನಿನಲ್ಲಿ ಮಗಳ ಕೈ ಹಿಡಿದು, "ನಿನ್ನನ್ನ ಇಲ್ಲಿಗೆ ಕೊಟ್ಟು ತಪ್ಪು ಮಾಡಿದೆ ಕಣೇ" ಅಂತ ಹೇಳಿ ರೈಲು ಹತ್ತಿದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇದನ್ನೆಲ್ಲಾ ಚಿಜುರು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ, ಅದೇ ಕುರ್ಚಿಯಲ್ಲಿ ಕೂತು. ಆಗ ಕಣ್ಣಲ್ಲಿ ನೀರಿರಲಿಲ್ಲ. "ಈ ಮನೆಗೆ ಬಂದ ಇನ್ನೊಬ್ಬ ತಾಯಿ ನಡುಗಿಕೊಂಡು ವಾಪಸ್ ಹೋಗಬಾರದು ಅಕ್ಕಾ. ನೋಡ್ತಾ ಇರಿ" ಅಂದಳು.

ನೋಡುತ್ತಲೇ ಇದ್ದೆ. ಅತ್ತೆಯ ಉಪ್ಪಿನಕಾಯಿಯನ್ನು ಪೊಟ್ಟಣ ಕಟ್ಟಿ ಸ್ಕೀಯಿಂಗಿಗೆ ಬರುವವರಿಗೆ ಮಾರಿದಳು, ಬಿಸಿನೀರಿನ ಬುಗ್ಗೆಯ ಹೋಟೆಲುಗಳಿಗೆ ಹೊತ್ತು ಹಾಕಿದಳು. ಗಂಡ ತೋಶಿಹಿಕೊ ರಸ್ತೆಯ ಹಿಮ ತಳ್ಳುವ ಯಂತ್ರದ ಚಾಲಕ, ಹಿಮ ಬಿದ್ದ ದಿನ ಅವನು ಮನೆಯವನಲ್ಲ, ಊರಿನವನು. ಎಲ್ಲಾ ಇವಳೇ ಮಾಡಿದಳು. ಹೋದ ವರ್ಷ ಚಳಿ ಶುರುವಾಗುವ ಮುಂಚೆ ಹಿತ್ತಲಲ್ಲಿ ಗ್ಯಾಸ್ ಹೀಟ್ ಪಂಪ್ ಬಂದು ನಿಂತಿತು.

ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಹಿಮದಲ್ಲಿ ಹೂತುಹೋಗದಿರಲಿ ಅಂತ ಕಬ್ಬಿಣದ ಕಾಲುಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದ್ದಾರೆ, ತಲೆಯ ಮೇಲೊಂದು ತಗಡಿನ ಸೂರು. ಒಳಗೆ ಗ್ಯಾಸಿನಿಂದ ಓಡುವ ಪುಟ್ಟ ಎಂಜಿನ್. ಅದು ಹೊರಗಿನ ಗಾಳಿ ಎಳೆದುಕೊಂಡು, ಅದರಲ್ಲಿರುವ ಅಷ್ಟಿಷ್ಟು ಕಾವನ್ನು ಹಿಂಡಿ ಮನೆಗೆಲ್ಲಾ ಹಂಚಿ, ತಣ್ಣಗಾದ ಗಾಳಿಯನ್ನು ಮುಂದಕ್ಕೆ ಊದುತ್ತದಂತೆ. "ಹಿಮದ ಗಾಳಿಯಲ್ಲಿ ಎಂಥಾ ಕಾವೇ, ಮಣ್ಣು!" ಅಂತ ನಾನೂ ನಕ್ಕಿದ್ದೆ. ಆ ಚಳಿಗಾಲ ಅವರ ಮನೆಯೊಳಗೆ ಕೋಣೆಗಳ ನಡುವಿನ ಓಣಿಯಲ್ಲಿ ಬರಿಗಾಲಲ್ಲಿ ನಡೆದ ಮೇಲೆ ಬಾಯಿ ಮುಚ್ಚಿಕೊಂಡೆ. ಚಿಜುರು ಗೆದ್ದ ಹುರುಪಿನಲ್ಲಿ ಸ್ಟೌವುಗಳನ್ನೆಲ್ಲಾ ಊರಿಗೆ ಹಂಚಿಬಿಟ್ಟಳು. ಅದರಲ್ಲಿ ಒಂದು ನನ್ನ ಅಂಗಡಿಗೂ ಬಂತು.

ಕಿನುಯೊ ಮಾತ್ರ ಸೋಲೊಪ್ಪಲಿಲ್ಲ. ಎಂಜಿನ್ನಿನ ಸದ್ದು ಕೇಳಿ ಅದಕ್ಕೆ ಗೊರಕೆರಾಯ ಅಂತ ಹೆಸರಿಟ್ಟಳು. "ಗೊರಕೆ ಹೊಡೆಯೋ ಗಂಡನ ಪಕ್ಕ ಇಡೀ ಜನ್ಮ ಮಲಗಿದೆ. ಅವನು ಹೋದ, ಇನ್ನಾದ್ರೂ ಕಣ್ತುಂಬಾ ನಿದ್ದೆ ಮಾಡೋಣ ಅಂದ್ರೆ ಸೊಸೆ ಇನ್ನೊಬ್ಬನ್ನ ತಂದು ಹಿತ್ತಲಲ್ಲಿ ನಿಲ್ಲಿಸಿದಳು ನೋಡಿ!" ಅಂತ ಬಂದವರ ಮುಂದೆಲ್ಲಾ ಹೇಳಿದ್ದೇ ಹೇಳಿದ್ದು. ಕೊತಾತ್ಸು ಬಿಟ್ಟು ಏಳುತ್ತಿರಲಿಲ್ಲ. ಗಿಡ್ಡ ಮೇಜು, ಕೆಳಗೆ ಕಾವು, ಮೇಲೆ ರಜಾಯಿ, ಅದರೊಳಗೆ ಕಾಲು ಚಾಚಿ ಕೂತರೆ ಆಕೆಯದು ಬೇರೆಯೇ ರಾಜ್ಯ.

ಈಗ ನಮ್ಮ ಹಿನಾಕೊ ವಿಷಯ. ಒಬ್ಬಳೇ ಮಗಳು. ಹೊಶಿನಾ ಹೆಸರು, ಉಪ್ಪಿನಕಾಯಿ ಅಂಗಡಿ ಮುಂದುವರಿಯಬೇಕೆಂದರೆ ಮನೆ ಅಳಿಯನೇ ಬೇಕು. ಹುಡುಗಿಯ ಅದೃಷ್ಟ, ಸ್ಕೀಯಿಂಗ್ ಬೆಟ್ಟದಲ್ಲಿ ಕೆಲಸಕ್ಕಿದ್ದ ರ್‍ಯೋಸುಕೆ ಅವಳನ್ನು ಮೆಚ್ಚಿ, ಮನೆ ಅಳಿಯ ಆಗುವುದಕ್ಕೂ ಸೈ ಅಂದ. ಚಿನ್ನದಂಥ ಹುಡುಗ. ಆದರೆ ಅವನ ಊರು ದಕ್ಷಿಣದ ತುದಿಯ ಕಾಗೋಶಿಮಾ, ಹಿಮ ಕಾಣದ ಸೀಮೆ. ಅವನ ತಾಯಿ ಮಿಸಾವೊ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: "ನಾನೇ ಬಂದು ಒಂದು ರಾತ್ರಿ ಇದ್ದು ನೋಡ್ತೀನಿ. ನನಗೆ ನಡುಕ ಬಂತೋ, ಮಗನ್ನ ಅದೇ ರೈಲಲ್ಲಿ ವಾಪಸ್ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

"ಬರಲಿ ಅಕ್ಕಾ" ಅಂದಳು ಚಿಜುರು ನನಗೆ. "ಆಯಮ್ಮನ ಭಯ ನನಗೆ ಗೊತ್ತಿಲ್ವಾ? ನಮ್ಮಮ್ಮನ ಭಯಾನೇ ಅದು."

ಆಕೆ ಬರುವ ದಿನ ಬೆಳಿಗ್ಗೆ ನನ್ನ ಬಾಗಿಲು ದಬದಬ ಅಂತು. ಹಿನಾಕೊ, ಚಪ್ಪಲಿ ಕೂಡ ಸರಿಯಾಗಿ ಮೆಟ್ಟಿಲ್ಲ.

"ದೊಡ್ಡಮ್ಮಾ, ಬೇಗ ಬನ್ನಿ! ಗೊರಕೆರಾಯ ನಿಂತುಬಿಟ್ಟ!"

ಎರಡು ದಿನದಿಂದ ಬಿಡದೆ ಹಿಮ ಸುರಿದಿತ್ತು. ದಾಟಿಕೊಂಡು ಹೋದೆ. ಗೋಡೆಯ ಮೇಲಿನ ಗುಂಡಿಪೆಟ್ಟಿಗೆಯಲ್ಲಿ ಕೆಂಪು ದೀಪ ಪಿಳಿಪಿಳಿ ಅನ್ನುತ್ತಿತ್ತು, ಅದರ ಮುಂದೆ ಚಿಜುರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಹಾಕಿದ್ರೆ ಸ್ವಲ್ಪ ಹೊತ್ತು ಗುರ್ ಅನ್ನುತ್ತೆ ಅಕ್ಕಾ, ಆಮೇಲೆ ತಾನೇ ನಿಂತುಹೋಗುತ್ತೆ."

"ಒಂದು ಸ್ಟೌವನ್ನಾದ್ರೂ ಇಟ್ಕೋ ಅಂದೆ" ಅಂತು ಕೊತಾತ್ಸು ಕಡೆಯಿಂದ ದನಿ. "ಮುದುಕಿ ಮಾತು ಯಾರು ಕೇಳ್ತಾರೆ."

ಚಿಜುರು ಮೊದಲು ಗ್ಯಾಸ್ ನೋಡಿದಳು. ಹಿಂದಿನ ದಿನ ಸಣ್ಣಗೆ ಭೂಮಿ ನಡುಗಿತ್ತು. ನಡುಗಿದರೆ ಮೀಟರು ತಾನೇ ಗ್ಯಾಸ್ ಕಟ್ ಮಾಡುತ್ತದೆ. ಆದರೆ ಅಡುಗೆಮನೆಯಲ್ಲಿ ಬೀಗಿತ್ತಿಗೆಂದು ಇಟ್ಟ ನೊಪ್ಪೆ, ಅದೇ ಗೆಡ್ಡೆ ಅಣಬೆಯ ಸಾರು, ಕೊತಕೊತ ಕುದಿಯುತ್ತಲೇ ಇತ್ತು. ಆದರೂ ಸಿಲಿಂಡರುಗಳನ್ನು ಹಿಮದಿಂದ ಅಗೆದು ತೆಗೆದು, ಮೀಟರು ನೋಡಿ, ತಿರುಪು ಮುಟ್ಟಿ ಬಂದೆವು. ಎಲ್ಲಾ ಸರಿ. ಕರೆಂಟಿನ ಪೆಟ್ಟಿಗೆ, ಅದೂ ಸರಿ. ಹಿನಾಕೊ ಸ್ಟೂಲ್ ಹತ್ತಿ ಒಳಗಿನ ಜಾಲರಿ ಬಿಚ್ಚಿ ತೊಳೆದಳು. ಮತ್ತೆ ಹಾಕಿದರೆ ಗುರ್ ಅಂತು, ನಿಂತಿತು.

ರಿಪೇರಿಯ ನುಕಾಗಾಗೆ ಫೋನ್ ಮಾಡಿದಳು. ಅವನು ಕಣಿವೆಯಾಚೆ ಸಿಕ್ಕಿಹಾಕಿಕೊಂಡಿದ್ದ, ರಸ್ತೆಗೆ ಹಿಮ ಕುಸಿದಿತ್ತು. "ಸಂಜೆ ಒಳಗೆ ಬರೋಕಾಗಲ್ಲಮ್ಮಾ. ದೀಪ ಹೇಳೋದು ನೋಡಿದ್ರೆ ಗಾಳಿ ಸಾಲ್ತಿಲ್ಲ ಅನ್ಸುತ್ತೆ. ಪೆಟ್ಟಿಗೆ ಮೇಲೆ, ಸುತ್ತ ಹಿಮ ಕೂತಿದ್ಯಾ?"

ಮೂವರೂ ಅಡುಗೆಮನೆ ಕಿಟಕಿಯಿಂದ ಇಣುಕಿದೆವು. "ಇಲ್ಲ. ಸೂರು ಇದೆಯಲ್ಲ."

"ಏನಾದ್ರೂ ಮುಚ್ಚಿದ್ದೀರಾ?"

"ಇಲ್ಲಪ್ಪಾ, ಏನೂ ಇಲ್ಲ."

ದೇವರಾಣೆಗೂ ಹಾಗೇ ಹೇಳಿದಳು. ನಾನೂ ಈ ಎರಡು ಕಣ್ಣಿಂದ ನೋಡಿದೆ, ಏನೂ ಕಾಣಲಿಲ್ಲ.

ಹೊತ್ತು ಏರುತ್ತಿತ್ತು, ಮನೆ ತಣ್ಣಗಾಗುತ್ತಿತ್ತು. ಒಳಗಿನ ಓಣಿಯಲ್ಲಿ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ರ್‍ಯೋಸುಕೆ ತಾಯಿಯನ್ನು ಕರೆದುಕೊಂಡು ಆಗಲೇ ರೈಲು ಹತ್ತಿಯಾಗಿತ್ತು. ಹಿನಾಕೊ ಮೂಲೆಯಲ್ಲಿ ಕೂತು ಮೂಗು ಸೀಟತೊಡಗಿದಳು.

"ನನ್ನ ಅಂಗಡಿಯ ಸ್ಟೌವ್ ತರ್ತೀನಿ. ಕೂರೋ ಕೋಣೆಯಾದ್ರೂ ಬೆಚ್ಚಗಿರಲಿ" ಅಂದೆ.

"ಬೇಡ."

"ಏನೇ ಬೇಡ? ಸ್ವಾಭಿಮಾನ ಹೊದ್ದುಕೊಂಡ್ರೆ ಚಳಿ ಹೋಗುತ್ತೇನೇ?"

"ಒಂದು ಕೋಣೆ ಕಾಯಿಸಿ, ಅಲ್ಲೇ ಕೂರಿಸಿ, ಕಣ್ಣಿಗೆ ಮಣ್ಣೆರಚಿ ಮಗನ್ನ ಇಸ್ಕೊಳ್ಳೋದಾ ಅಕ್ಕಾ? ರಾತ್ರಿ ಆಯಮ್ಮ ಬಚ್ಚಲಿಗೆ ಹೋಗಲ್ವಾ?" ಅಂದವಳೇ ಬೂಟು ಮೆಟ್ಟಿಕೊಂಡಳು. "ಪುಟ್ಟೀ, ನಾನು ಕೂಗಿದಾಗ ಗುಂಡಿ ಒತ್ತು."

ನಾನು ಸಲಿಕೆ ಹಿಡಿದು ಹಿಂದೆ ಹೋದೆ. ಹಿತ್ತಲಲ್ಲಿ ತೊಡೆಮಟ್ಟ ಹಿಮ. ಗೊರಕೆರಾಯನ ಎದುರಿಗೆ ನಿಂತು ಚಿಜುರು ಕೂಗಿದಳು. ಒಳಗೆ ಎಂಜಿನ್ ಗುರುಗುಟ್ಟಿತು. ಅವಳು ಕೈಗವಸು ತೆಗೆದು ಅಂಗೈ ಮುಂದೆ ಚಾಚಿದಳು.

"ಅಕ್ಕಾ, ಗಾಳಿ ಎಲ್ಲಿ?"

"ಏನು ಗಾಳಿ?"

"ಇದು ಊದೋ ಗಾಳಿ. ಯಾವಾಗ್ಲೂ ಇಲ್ಲಿ ಹಿಮ ಕೊರೆದು ಗುಂಡಿ ಬಿದ್ದಿರುತ್ತೆ. ಈಗ ನೋಡಿ, ನುಣ್ಣಗೆ ಕೂತಿದೆ. ಇದು ಉಸಿರೇ ಆಡ್ತಿಲ್ಲ." ಅನ್ನುತ್ತಾ ಕೈಯನ್ನು ಇನ್ನೂ ಮುಂದಕ್ಕೆ ಚಾಚಿದಳು. ಕೈಗೆ ಹುಲ್ಲು ತಗುಲಿತು.

ಹುಲ್ಲುಚಾಪೆ! ಬುಡದಿಂದ ಸೂರಿನ ತನಕ ಮೂರು ಸುತ್ತು, ಮೇಲೆ ಹಗ್ಗ. ಪಕ್ಕದ ಗಿಡವೂ ಹುಲ್ಲುಚಾಪೆ, ಆಚೆಯ ಮರವೂ ಹುಲ್ಲುಚಾಪೆ, ನಡುವೆ ಇದೂ ಒಂದು. ಚಳಿಗಾಲದಲ್ಲಿ ಚಾಪೆ ಸುತ್ತಿಕೊಂಡದ್ದು ಯಾವುದೂ ನಮ್ಮೂರಿನವರ ಕಣ್ಣಿಗೆ ಬೀಳುವುದೇ ಇಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು ನಮ್ಮ ಕಥೆ. ನುಕಾಗಾ ಬಾಯಿಬಿಟ್ಟು ಕೇಳಿದ್ದ, ಮೂರು ಜನ ನೋಡಿ ನೋಡಿ ಇಲ್ಲ ಅಂದಿದ್ದೆವು!

ಹಗ್ಗದ ಗಂಟು ನೋಡಿದೆ. ಅಂಥಾ ಗಂಟು ಹಾಕುವ ಕೈ ಊರಿಗೆ ಒಂದೇ. ನನಗೆ ಮೈಯೆಲ್ಲಾ ಉರಿದುಹೋಯಿತು. ಬೂಟು ಸಹಿತ ಮನೆಯೊಳಗೆ ನುಗ್ಗಿದೆ, ಜಪಾನಿನಲ್ಲಿ ಹುಟ್ಟಿದ ಹೆಂಗಸು ನಾನು, ಹಾಗೆ ನುಗ್ಗಿದ್ದು ಅದೊಂದೇ ಸಲ.

"ಕಿನುಯೊ ಅಮ್ಮಾ! ಮೊಮ್ಮಗಳ ಬಾಳಿಗೆ ಕಲ್ಲು ಹಾಕೋಕೆ ಈ ದಿನಾನೇ ಬೇಕಿತ್ತಾ ನಿಮಗೆ? ಸೊಸೆ ಗೆದ್ದಳು ಅಂತ ಹೊಟ್ಟೆಕಿಚ್ಚಾ? ಆ ಯಂತ್ರದ ಕತ್ತು ಹಿಸುಕಿದ್ದೀರಲ್ಲಾ!"

ಮುದುಕಿ ಕಿತ್ತಳೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ತಲೆ ಎತ್ತಿದಳು. "ಯಾರು ಹಿಸುಕಿದ್ದು?"

"ಚಾಪೆ ಸುತ್ತಿದ್ದು ನೀವಲ್ವಾ?"

"ನಾನೇ. ನಿನ್ನೆ ಸುತ್ತಿದೆ."

ಚಿಜುರು ನನ್ನ ಹಿಂದೆ ಬಂದು ನಿಂತಿದ್ದಳು. ಮೆಲ್ಲಗೆ ಕೇಳಿದಳು. "ಯಾಕೆ ಅತ್ತೆ?"

ಕಿನುಯೊ ಒಮ್ಮೆ ನನ್ನನ್ನು, ಒಮ್ಮೆ ಸೊಸೆಯನ್ನು ನೋಡಿದಳು. ಆ ಮುಖದಲ್ಲಿ ಕಳ್ಳತನ ಇರಲಿಲ್ಲ, ನಾಚಿಕೆ ಇತ್ತು. ಹೊಸ ಮದುವಣಗಿತ್ತಿ ಹಾಗೆ ತಲೆ ತಗ್ಗಿಸಿದಳು.

"ಎಂಥಾ ಹಿಮ ಅದು! ಹಗಲೂ ರಾತ್ರಿ ಹೊರಗೆ ನಿಂತು ನಮಗೋಸ್ಕರ ದುಡಿಯುತ್ತೆ, ಅದಕ್ಕೆ ಚಳಿ ಆಗಲ್ವಾ? ಗಿಡಕ್ಕೆ ಹೊದಿಸ್ತೀವಿ, ಕಲ್ಲಿಗೆ ಹೊದಿಸ್ತೀವಿ. ಅದೇನು ಪಾಪ ಮಾಡಿತ್ತು? ಹೊಸ ಚಾಪೇನೇ ಹಾಕಿದೀನಿ, ಹಳೇದಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಸ್ನಾನ ಮಾಡಿ ನಡುಗದೆ ಮಲಗಿದ್ದು ನಾನು ಅದು ಬಂದ ಮೇಲೇನೇ ಕಣೇ."

ಚಿಜುರು ಹೊಸ್ತಿಲ ಮೇಲೆ ದೊಪ್ಪನೆ ಕೂತಳು. ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೆ ಬಂತು. "ಚಳಿ ಸೋಮಾರಿಗಳ ಕಾಯಿಲೆ ಅಲ್ವಾ ಅತ್ತೆ?" ಅಂದಳು.

"ನಡುಗ್ತಾ ಇದ್ದವಳು ನಾನು. ಇನ್ನೇನು ಹೇಳಲಿ?" ಅಂದಳು ಮುದುಕಿ. ಆಮೇಲೆ ಗಾಬರಿಯಾಗಿ, "ಸತ್ತುಹೋಯ್ತಾ ಅದು?" ಅಂತ ಕೇಳಿದಳು.

"ಇಲ್ಲ. ಮೂಗು ಮುಚ್ಚಿದ್ದೀರಿ ಅಷ್ಟೇ. ಎದ್ದೇಳಿ ಅತ್ತೆ, ಬಂದು ಗಂಟು ಬಿಚ್ಚಿ."

ಹಗ್ಗ ಹಿಮಗಟ್ಟಿತ್ತು. ನಾನು ಕತ್ತರಿ ತೆಗೆದೆ. "ಏಯ್, ಒಳ್ಳೇ ಹಗ್ಗ!" ಅಂತ ಗದರಿ ಕಿನುಯೊ ಬಾಯಿಯ ಹಬೆ ಊದಿ ಊದಿ ಒಂದೇ ಎಳೆತಕ್ಕೆ ಬಿಚ್ಚಿದಳು. ಚಾಪೆ ಸರಿದರೆ ಒಳಗೆ, ಗಾಳಿ ಎಳೆಯುವ ತೆಳು ತಗಡುಗಳ ಮೇಲೆಲ್ಲಾ ದಪ್ಪ ಮಂಜುಗಡ್ಡೆ. ನಾನು ಸಲಿಕೆ ಎತ್ತಿದೆ. ಚಿಜುರು ಕೈ ಹಿಡಿದುಕೊಂಡಳು. "ಬೇಡ ಅಕ್ಕಾ, ಬಾಗಿಬಿಡುತ್ತೆ." ಮತ್ತೆ ನುಕಾಗಾಗೆ ಫೋನ್.

"ಹುಲ್ಲಾ? ಹೊಗೆ ಹೋಗೋ ಕೊಳವೆ ಪಕ್ಕ ಹುಲ್ಲಾ? ತಾಯಂದಿರಾ, ಬೆಂಕಿ ಹತ್ತದೆ ಇದ್ದದ್ದು ನಿಮ್ಮ ಪುಣ್ಯ!" ಅಂತ ಅವನು ಕೂಗಿದ್ದು ನನಗೂ ಕೇಳಿಸಿತು. ಬೈದು ಮುಗಿಸಿ ದಾರಿ ಹೇಳಿದ. ಯಂತ್ರ ಆರಿಸಿ, ಉಗುರುಬೆಚ್ಚಗಿನ ನೀರು ಸುರಿಯಿರಿ, ಕುದಿಯೋದು ಬೇಡ.

ಬಚ್ಚಲ ತೊಟ್ಟಿಯಲ್ಲಿ ಹಿಂದಿನ ದಿನದ ಸ್ನಾನದ ನೀರು ಮುಚ್ಚಳದಡಿ ಇನ್ನೂ ಬೆಚ್ಚಗಿತ್ತು. ಹಿನಾಕೊ ಮೊಗೆದಳು, ಕಿನುಯೊ ಬಾಗಿಲವರೆಗೆ ದಾಟಿಸಿದಳು, ನಾನು ಹಿತ್ತಲಿಗೆ ಹೊತ್ತೆ, ಚಿಜುರು ಮೆಲ್ಲಗೆ ಸುರಿದಳು. ಬಕೆಟ್ ಮೇಲೆ ಬಕೆಟ್. ಗಡ್ಡೆ ಕಳಚಿ ಕಳಚಿ ಬೀಳುವಾಗ ನಾವು ನಾಲ್ಕು ಹೆಂಗಸರು ಸಣ್ಣ ಮಕ್ಕಳ ಹಾಗೆ ಕೂಗಾಡಿದೆವು. ಸೊಂಟ ಮುರಿದುಹೋಗಿತ್ತು, ಯಾರಿಗೆ ಬೇಕು ಸೊಂಟ!

"ಈಗ ಒತ್ತು ಪುಟ್ಟೀ!"

ಗುರ್ ಅಂತು. ಕಾದೆವು. ಕಿನುಯೊ ಕೈ ಮುಗಿದು ನಿಂತಿದ್ದಳು. ನಿಲ್ಲಲಿಲ್ಲ, ಗುರುಗುಡುತ್ತಲೇ ಇತ್ತು. ಆಮೇಲೆ ಭುಸ್ ಅಂತ ತಣ್ಣನೆ ಗಾಳಿ ನನ್ನ ಮುಖಕ್ಕೇ ಬಡಿದು, ಎದುರಿನ ಹಿಮವನ್ನೆಲ್ಲಾ ಹಾರಿಸಿತು. "ಗೊರಕೆ ಹೊಡೀತು! ಗೊರಕೆ ಹೊಡೀತು!" ಅಂತ ಮುದುಕಿ ಚಪ್ಪಾಳೆ ತಟ್ಟಿದಳು. ಚಿಜುರು ನೆಟ್ಟಗೆ ನಿಂತು ಎರಡೂ ಕೈ ಮೇಲೆತ್ತಿದಳು. ನನಗಂತೂ ಅವಳನ್ನು ನೋಡಿ ಎದೆ ತುಂಬಿ ಬಂತು.

ತೋಶಿಹಿಕೊ ರಸ್ತೆ ತೆರವು ಮಾಡಿಟ್ಟಿದ್ದ, ಬೀಗಿತ್ತಿ ಹೊತ್ತಿಗೆ ಸರಿಯಾಗಿ ಬಂದರು. ಗಂಡ ಹಂದಿ ಸಾಕಣೆ ಬಿಟ್ಟು ಬರುವ ಹಾಗಿಲ್ಲವಂತೆ, ಅದಕ್ಕೆ ಮಗನ ಜೊತೆ ಒಬ್ಬರೇ. ಒಂದರ ಮೇಲೊಂದು ಎಷ್ಟು ಬಟ್ಟೆ ಹಾಕಿದ್ದರೆಂದರೆ ತೋಳು ಮಡಚಲಾಗುತ್ತಿರಲಿಲ್ಲ. ಬಾಗಿಲಲ್ಲಿ ಕೋಟು ತೆಗೆದರು. ಒಳಗಿನ ಓಣಿಯಲ್ಲಿ ಎರಡನೇ ಕೋಟು. ಬಚ್ಚಲು, ಮಲಗುವ ಕೋಣೆ, ಎಲ್ಲಾ ಕಡೆ ತಾವೇ ಹೋಗಿ ನೆಲ ಮುಟ್ಟಿ ಬಂದರು, ಆಗ ಒಂದು ಸ್ವೆಟರ್ ಹೋಯಿತು. ನೊಪ್ಪೆ ಉಣ್ಣುವ ಹೊತ್ತಿಗೆ ತೆಳು ಅಂಗಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಹಿನಾಕೊ ರ್‍ಯೋಸುಕೆಗೆ ಕಣ್ಣು ಹೊಡೆದದ್ದು ನಾನು ನೋಡಿದೆ.

"ಆ ಮಾಡಿನ ಕೆಳಗೆ ಚಾಪೆ ಒಣಗ್ತಿದೆಯಲ್ಲಾ, ಯಾಕೆ?" ಅಂತ ಮಿಸಾವೊ ಸುಮ್ಮನೆ ಕೇಳಿದರು.

ಹಿನಾಕೊ ತಾಯಿಯ ಮೊಣಕಾಲು ಒತ್ತಿದಳು. ಚಿಜುರು ಮುಚ್ಚಿಡಲಿಲ್ಲ. ಬೆಳಿಗ್ಗೆ ನಡೆದದ್ದನ್ನೆಲ್ಲಾ ಮೊದಲಿನಿಂದ ಹೇಳಿದಳು, ಯಂತ್ರ ನಿಂತದ್ದು, ಮನೆ ತಣ್ಣಗಾದದ್ದು, ಅತ್ತೆ ಚಾಪೆ ಸುತ್ತಿದ್ದು, ಯಾಕೆ ಸುತ್ತಿದ್ದು ಅನ್ನುವುದನ್ನೂ. ಮಿಸಾವೊ ಊಟದ ಕಡ್ಡಿ ಕೆಳಗಿಟ್ಟು ಕೇಳಿದರು. ಕಿನುಯೊ ರಜಾಯಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ಹಿತ್ತಲಲ್ಲಿ ಗೊರಕೆರಾಯ ಗುರುಗುಡುತ್ತಿದ್ದ.

"ನಾನು ನೋಡೋಕೆ ಬಂದಿದ್ದು ಚಳಿ ಎಷ್ಟಿದೆ ಅಂತ" ಅಂದರು ಮಿಸಾವೊ ಕೊನೆಗೆ. "ಯಂತ್ರ ಅಂದ್ಮೇಲೆ ಕೆಡುತ್ತೆ, ನಾಳೆ ಮತ್ತೆ ಕೆಡಬಹುದು. ಆದ್ರೆ ಯಂತ್ರಕ್ಕೂ ಚಳಿ ಆಗುತ್ತೆ ಅಂತ ಹೊಸ ಚಾಪೆ ಹೊದಿಸೋ ಮನೆ ಇದು. ಇಲ್ಲಿಗೆ ಮಗನ್ನ ಕೊಡೋಕೆ ನನಗೆ ಇನ್ನೇನು ಭಯ? ತಗೊಳ್ಳಿ, ನಿಮ್ಮವನು."

ಹಿನಾಕೊ ಅಳು, ರ್‍ಯೋಸುಕೆ ನಗು, ಕಾಗೋಶಿಮಾದ ಗೆಣಸಿನ ಮದ್ಯದ ಬಾಟಲಿ, ಎಲ್ಲಾ ಒಟ್ಟಿಗೆ ಹೊರಬಿತ್ತು. ಕಿನುಯೊ ರಜಾಯಿಯಿಂದ ಮುಖ ತೆಗೆದು, "ನಿಮ್ಮ ಹುಡುಗನನ್ನೂ ಚೆನ್ನಾಗಿ ಸುತ್ತಿ ಇಡ್ತೀನಿ. ಈ ಸಲ ಮೂಗು ಬಿಟ್ಟು" ಅಂದಳು.

ನಗು ಇನ್ನೂ ನಿಂತಿರಲಿಲ್ಲ, ಮುದುಕಿ ಸೊಸೆಯ ತೋಳು ಜಗ್ಗಿದಳು. "ಶಿಜುವೊಕಾಗೆ ಫೋನ್ ಹಚ್ಚೇ."

"ಈಗಲಾ? ಯಾಕೆ ಅತ್ತೆ?"

ಯಂತ್ರ ಬಂದ ಹೊಸತರಲ್ಲೇ ಚಿಜುರು ತಾಯಿಯನ್ನು ಕರೆದಿದ್ದಳು. "ಮನೆ ಬೆಚ್ಚಗಾಯ್ತು ಸರಿ, ನಿಮ್ಮತ್ತೆ?" ಅಂತ ಕೇಳಿ ಆ ತಾಯಿ ಬರಲಿಲ್ಲ. ಇದು ನನಗೆ ಗೊತ್ತಿತ್ತು. ಕಿನುಯೊಗೂ ಗೊತ್ತಿತ್ತು ಅಂತ ಆಗ ತಿಳಿಯಿತು.

"ಹಚ್ಚು ಅಂದ್ನಲ್ಲಾ."

ಚಿಜುರು ನಂಬರ್ ಒತ್ತಿದಳು. ಆ ಕಡೆಯಿಂದ ದನಿ ಬಂದದ್ದೇ ಕಿನುಯೊ ಫೋನ್ ಕಿತ್ತುಕೊಂಡು, ಎದುರಿಗೇ ಇದ್ದಾರೇನೋ ಅನ್ನುವ ಹಾಗೆ ನೆಲಕ್ಕೆ ಹಣೆ ಮುಟ್ಟುವಷ್ಟು ಬಾಗಿದಳು.

"ಬೀಗಿತ್ತೀ, ನಾನು ಕಿನುಯೊ. ಮೊಮ್ಮಗಳ ಮದುವೆ ಗಟ್ಟಿಯಾಯ್ತು. ಹಿಮ ಇರೋವಾಗ್ಲೇ ಬನ್ನಿ, ನಿಮ್ಮ ಮಗಳು ಈ ಮನೇನ ಹೇಗೆ ಬೆಚ್ಚಗೆ ಮಾಡಿದಾಳೆ ನೋಡಿ. ಅವತ್ತು ನಾನೂ ನಡುಗ್ತಿದ್ದೆ ಕಣಮ್ಮಾ, ಹೇಳ್ಕೊಳ್ಳೋಕೆ ಆಗಲಿಲ್ಲ."

ಆ ಕಡೆಯಿಂದ ಏನೋ ಒಂದು ಮಾತು ಬಂತು. ಕಿನುಯೊ ಫೋನನ್ನು ಸೊಸೆಯ ಕೈಗೆ ಕೊಟ್ಟು ಮೂಗು ಒರೆಸಿಕೊಂಡಳು.

"ಕೋಟು ತರಬೇಕಾ ಅಂತ ಕೇಳ್ತಿದಾರೆ. ಬೇಡ ಅಂತ ಹೇಳು."